ವೇದಿಕೆಯಲ್ಲಿ ಗಿಟಾರಿನವನಿಗೂ ಒಂದು ಸರಿಯಾದ ಪ್ಲಗ್ ಪಾಯಿಂಟ್ ಕೊಡಿ

ಮಾನ್ಯ ಸಂಪಾದಕರೇ,

ಗಣೇಶನ ಹಬ್ಬದ ಆರ್ಕೆಸ್ಟ್ರಾಗಳ ಬಗ್ಗೆ ಓದುಗರೊಬ್ಬರು ಬರೆದ ಪತ್ರವನ್ನು ನಿಮ್ಮ ಪತ್ರಿಕೆಯಲ್ಲಿ ನೋಡಿದೆ. ಏಳು ಗಂಟೆಗೆ ಶುರು ಅಂತ ಕರಪತ್ರದಲ್ಲಿ ಹಾಕಿ ಎಂಟೂವರೆವರೆಗೂ ‘ಹಲೋ, ಚೆಕ್, ಚೆಕ್’ ಅಂತಲೇ ಕಾಲ ಕಳೆಯುತ್ತಾರೆ, ಅದರಲ್ಲೂ ಗಿಟಾರಿನವನು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ವೈರು ಕೀಳುವುದು, ಸಿಕ್ಕಿಸುವುದು, ಇದನ್ನು ನೋಡೋಕೆ ನಾವು ಮಕ್ಕಳನ್ನು ಕರಕೊಂಡು ಬರಬೇಕಾ ಅಂತ ಅವರ ದೂರು. ದೂರು ಸುಳ್ಳಲ್ಲ. ಆದರೆ ಆ ಹೊತ್ತೆಲ್ಲ ಎಲ್ಲಿ ಹೋಗುತ್ತದೆ ಅನ್ನುವುದನ್ನು ನೆಲದ ಮೇಲೆ ಕೂತವನ ಕಡೆಯಿಂದಲೂ ಒಂದಿಷ್ಟು ಹೇಳಬೇಕು ಅನ್ನಿಸಿತು. ನಾನೂ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ಬಾರಿಸುವವನೇ. ಅರ್ಧ ಸಮಸ್ಯೆ ನಮ್ಮ ಹುಡುಗರು ಕಟ್ಟುವ ಬೋರ್ಡಿನಲ್ಲಿದೆ, ಇನ್ನರ್ಧ ವೇದಿಕೆ ಹಾಕಿಸುವವರು ಕೊಡುವ ಕರೆಂಟಿನಲ್ಲಿದೆ. ಎರಡನ್ನೂ ಸರಿ ಮಾಡಬಹುದು, ಅದಕ್ಕೆ ಲಕ್ಷಗಟ್ಟಲೆ ದುಡ್ಡೇನೂ ಬೇಡ.

ಗೊತ್ತಿಲ್ಲದವರಿಗೆ ಒಂದು ಮಾತು. ಗಿಟಾರಿನವನ ಕಾಲ ಬುಡದಲ್ಲಿ ಬಣ್ಣಬಣ್ಣದ ಪುಟ್ಟ ಡಬ್ಬಿಗಳನ್ನು ಸಾಲಾಗಿ ಕೂರಿಸಿದ ಹಲಗೆ ಇರುತ್ತದಲ್ಲ, ಅದೇ ಪೆಡಲ್‌ಬೋರ್ಡ್. ಆ ಡಬ್ಬಿಗಳೇ ಪೆಡಲ್‌ಗಳು. ಒಂದು ಡಬ್ಬಿ ಸದ್ದನ್ನು ಒರಟು ಮಾಡುತ್ತದೆ (ಫಝ್, ಓವರ್‌ಡ್ರೈವ್, ಡಿಸ್ಟಾರ್ಷನ್ ಎಲ್ಲ ಇದೇ ಜಾತಿ), ಇನ್ನೊಂದು ಪ್ರತಿಧ್ವನಿ ಕೊಡುತ್ತದೆ (ಡಿಲೇ, ರಿವರ್ಬ್), ಮತ್ತೊಂದು ತಂತಿ ಶ್ರುತಿಯಲ್ಲಿದೆಯಾ ಅಂತ ದೀಪ ತೋರಿಸುತ್ತದೆ. 1962ರಲ್ಲಿ ಅಮೆರಿಕದಲ್ಲಿ ಮೇಸ್ಟ್ರೋ ಫಝ್-ಟೋನ್ ಅನ್ನುವ ಫಝ್ ಪೆಡಲ್ ಮಾರಾಟಕ್ಕೆ ಬಂದಿತು. 1966ರಲ್ಲಿ ಇಂಗ್ಲೆಂಡಿನಿಂದ ದುಂಡಗಿನ ಫಝ್ ಫೇಸ್ ಬಂದು, ಅಮೆರಿಕದ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಕಾಲಡಿ ಸೇರಿ ಹೆಸರಾಯಿತು. 1977ರಲ್ಲಿ ಜಪಾನಿನ ಬಾಸ್ ಕಂಪನಿ ಅಂಗೈಯಷ್ಟಗಲದ ಗಟ್ಟಿ ಪೆಡಲ್‌ಗಳನ್ನು ತಂದಿತು, ಆ ಆಕಾರ ಇವತ್ತಿಗೂ ಹೆಚ್ಚುಕಮ್ಮಿ ಹಾಗೇ ಇದೆ. ಆಗ ಇವೆಲ್ಲ ಬ್ಯಾಟರಿಯಲ್ಲಿ ಓಡುತ್ತಿದ್ದವು. ಆ ಚೌಕ ಬ್ಯಾಟರಿಯ 9 ವೋಲ್ಟ್ ಲೆಕ್ಕವೇ ಇಂದಿನ ಪೆಡಲ್‌ಗಳಿಗೂ ಉಳಿದುಕೊಂಡಿದೆ. ತಲೆನೋವು ಶುರುವಾಗುವುದೂ ಅಲ್ಲೇ.

ಹೊಸದಾಗಿ ಬೋರ್ಡ್ ಕಟ್ಟುವ ಹುಡುಗರು ಬಂದು ಕೇಳುವ ಮೊದಲ ಪ್ರಶ್ನೆ, ‘ಅಣ್ಣಾ, ಯಾವ ಡಿಸ್ಟಾರ್ಷನ್ ತಗೊಳ್ಳಲಿ?’ ನಾನು ವಾಪಸ್ ಕೇಳುವುದು, ‘ಅದಕ್ಕೆಲ್ಲ ಕರೆಂಟ್ ಎಲ್ಲಿಂದ ಕೊಡ್ತೀಯಪ್ಪಾ?’ ಮುಖ ಸಪ್ಪಗಾಗುತ್ತದೆ. ಯಾಕೆಂದರೆ ಪವರ್ ಸಪ್ಲೈ ನೋಡೋಕೆ ಚೆಂದ ಇರಲ್ಲ, ಅದನ್ನು ತುಳಿದರೆ ಸದ್ದೂ ಬದಲಾಗಲ್ಲ, ಅದರ ಫೋಟೋ ಹಾಕಿದರೆ ಲೈಕೂ ಬರಲ್ಲ. ಹಾಗಾಗಿ ಐದು ಪೆಡಲ್‌ಗೆ ಹದಿನೈದು ಇಪ್ಪತ್ತು ಸಾವಿರ ಸುರಿದವನು ಅವಕ್ಕೆ ಕರೆಂಟ್ ಕೊಡೋಕೆ ಮುನ್ನೂರು ರೂಪಾಯಿಯ ಒಂದು ಅಡಾಪ್ಟರ್, ಅದಕ್ಕೊಂದು ಐದು ಕವಲಿನ ವೈರು ತಂದು ಸಿಕ್ಕಿಸುತ್ತಾನೆ. ಮನೆಯಲ್ಲಿ ಪರವಾಗಿಲ್ಲ ಅನ್ನುವಂತೆ ಓಡುತ್ತದೆ. ವೇದಿಕೆಗೆ ತಂದ ತಕ್ಷಣ ಗೊಂಯ್ ಅನ್ನುತ್ತದೆ. ಆಮೇಲೆ ಅವನು ಕೂತು ಒಂದೊಂದೇ ವೈರು ಕೀಳುತ್ತಾನೆ. ಪತ್ರ ಬರೆದ ಓದುಗರು ನೋಡಿದ್ದು ಇದನ್ನೇ ಇರಬೇಕು.

ಕಾರಣ ಸರಳ. ಒಂದೇ ಅಡಾಪ್ಟರಿನಿಂದ ಕವಲು ಒಡೆದಾಗ ಎಲ್ಲ ಪೆಡಲ್‌ಗಳ ಮೈನಸ್ ತಂತಿ ಒಂದಾಗುತ್ತದೆ. ಆಡಿಯೋ ಕೇಬಲ್‌ಗಳ ಮೂಲಕವೂ ಅವೇ ಮೈನಸ್‌ಗಳು ಒಂದಾಗಿರುತ್ತವೆ. ಹೀಗೆ ಒಂದು ಸುತ್ತು ಏರ್ಪಡುತ್ತದೆ, ಗದ್ದಲ ಆ ಸುತ್ತಿನಲ್ಲಿ ಓಡಾಡುತ್ತದೆ. ಹಳೇ ಕಾಲದ ಅನಲಾಗ್ ಪೆಡಲ್‌ಗಳಷ್ಟೇ ಇದ್ದರೆ ಹೇಗೋ ಸಹಿಸಬಹುದು. ನಡುವೆ ಒಂದು ಡಿಜಿಟಲ್ ಡಿಲೇ ಸೇರಿಸಿ ನೋಡಿ, ಅದರೊಳಗಿನ ಎಲೆಕ್ಟ್ರಾನಿಕ್ ಚಿಪ್‌ನ ಸಣ್ಣ ಕೀಚಲು ಸದ್ದು ಪಕ್ಕದ ಓವರ್‌ಡ್ರೈವ್ ಪೆಡಲ್ಲಿಗೆ ನುಗ್ಗುತ್ತದೆ, ಓವರ್‌ಡ್ರೈವ್ ಅದನ್ನು ನೂರುಪಟ್ಟು ದೊಡ್ಡದು ಮಾಡಿ ಜನರ ಕಿವಿಗೆ ಹಾಕುತ್ತದೆ. ಇದಕ್ಕೆ ಮದ್ದು ಐಸೊಲೇಟೆಡ್ ಸಪ್ಲೈ. ಪ್ರತಿಯೊಂದು ಪೆಡಲ್ಲಿಗೂ ಅದರದೇ ಪ್ಲಸ್ಸು, ಅದರದೇ ಮೈನಸ್ಸು, ಒಂದಕ್ಕೂ ಇನ್ನೊಂದಕ್ಕೂ ಒಳಗೆ ಸಂಬಂಧ ಇರುವುದಿಲ್ಲ. ಕೊಳ್ಳುವಾಗ ಡಬ್ಬದ ಮೇಲೆ ‘ಐಸೊಲೇಟೆಡ್’ ಅಂತ ದೊಡ್ಡದಾಗಿ ಬರೆದಿದೆ ಅಂತ ನಂಬಬೇಡಿ. ಹತ್ತು ತೂತುಗಳಿರುವ ಎಷ್ಟೋ ಅಗ್ಗದ ಡಬ್ಬಿಗಳ ಒಳಗೆ ಇರುವುದು ಅದೇ ಕವಲು ವೈರು. ಮಲ್ಟಿಮೀಟರ್ ಇದ್ದರೆ ಎರಡು ಔಟ್‌ಪುಟ್‌ಗಳ ಮೈನಸ್‌ಗಳ ನಡುವೆ ಬೀಪ್ ಬರುತ್ತದಾ ಅಂತ ಅಂಗಡಿಯಲ್ಲೇ ನೋಡಿ. ಬೀಪ್ ಅಂದರೆ ಐಸೊಲೇಟೆಡ್ ಅಲ್ಲ, ಮುಗೀತು.

ಆಮೇಲೆ ಮಿಲಿಆಂಪ್ ಲೆಕ್ಕ, ಅಂದರೆ ಯಾವ ಪೆಡಲ್ ಎಷ್ಟು ಕರೆಂಟ್ ಎಳೆಯುತ್ತದೆ ಅನ್ನುವುದು. ಸಾಮಾನ್ಯ ಓವರ್‌ಡ್ರೈವ್ ಪೆಡಲ್ 5ರಿಂದ 20 ಮಿಲಿಆಂಪ್‌ನಲ್ಲಿ ತೃಪ್ತಿ ಪಡುತ್ತದೆ. ದೊಡ್ಡ ಡಿಜಿಟಲ್ ಡಿಲೇ, ರಿವರ್ಬ್‌ಗಳು ಹಾಗಲ್ಲ. ಸ್ಟ್ರೈಮನ್‌ನ ಟೈಮ್‌ಲೈನ್, ಬಿಗ್‌ಸ್ಕೈ ಥರದವು 300 ಮಿಲಿಆಂಪ್ ಕೇಳುತ್ತವೆ. 100 ಮಿಲಿಆಂಪ್ ಕೊಡುವ ತೂತಿಗೆ ಅದನ್ನು ಸಿಕ್ಕಿಸಿದರೆ ಒಂದೋ ಆನ್ ಆಗಲ್ಲ, ಇಲ್ಲವೇ ಇನ್ನೂ ಕೆಟ್ಟದ್ದು, ಆನ್ ಆಗಿ ಮೂರನೇ ಹಾಡಿನ ನಡುವೆ ನಿಲ್ಲುತ್ತದೆ. ಉಲ್ಟಾ ಭಯ ಬೇಡ. ವೋಲ್ಟ್ ಸರಿ ಇದ್ದರೆ ಸಪ್ಲೈ ಜಾಸ್ತಿ ಮಿಲಿಆಂಪ್ ಕೊಡಬಲ್ಲದು ಅನ್ನುವ ಕಾರಣಕ್ಕೆ ಪೆಡಲ್ ಸುಡುವುದಿಲ್ಲ. ತನಗೆ ಬೇಕಾದಷ್ಟನ್ನು ಮಾತ್ರ ಅದು ಎಳೆದುಕೊಳ್ಳುತ್ತದೆ. ಇದನ್ನು ಎಷ್ಟು ಹೇಳಿದರೂ ಕೆಲವರು ನಂಬುವುದಿಲ್ಲ.

ಸುಡುವುದು ಪಿನ್ನಿನಿಂದ. ಗಿಟಾರ್ ಪೆಡಲ್‌ಗಳಲ್ಲಿ ಬಹುತೇಕ ಎಲ್ಲದರದ್ದೂ ಒಂದು ವಿಚಿತ್ರ ಇದೆ, ಪಿನ್ನಿನ ನಡುವೆ ಮೈನಸ್, ಹೊರಗೆ ಪ್ಲಸ್. ಮನೆಯ ವೈಫೈ ರೂಟರಿನ ಅಡಾಪ್ಟರಿನಲ್ಲಿ ಸಾಮಾನ್ಯವಾಗಿ ನಡುವೆ ಪ್ಲಸ್. ನಮ್ಮ ಪಕ್ಕದಲ್ಲೇ ಕೂರುವ ಕೀಬೋರ್ಡಿನವರ ಯಮಹಾ ಅಡಾಪ್ಟರಿನಲ್ಲೂ ನಡುವೆ ಪ್ಲಸ್, ಮೇಲಾಗಿ 12 ವೋಲ್ಟ್. ಪಿನ್ ಮಾತ್ರ ನೋಡೋಕೆ ಒಂದೇ ಥರ, ಸಲೀಸಾಗಿ ಒಳಗೆ ಹೋಗುತ್ತದೆ. ಕತ್ತಲಲ್ಲಿ, ಅವಸರದಲ್ಲಿ, ಯಾರೋ ಉಪಕಾರ ಮಾಡೋಕೆ ಬಂದು ‘ಇದೇ ಅಲ್ವಾ’ ಅಂತ ಸಿಕ್ಕಿಸಿದರೆ ಪೆಡಲ್ ಕಥೆ ಅಲ್ಲಿಗೇ ಮುಗಿಯಬಹುದು. ಅದಕ್ಕೇ ನಿಮ್ಮ ಸಪ್ಲೈ ವೈರುಗಳನ್ನು ಬೋರ್ಡಿಗೇ ಕಟ್ಟಿಬಿಡಿ, ಬಿಡಿ ಅಡಾಪ್ಟರಿನ ಮೇಲೆ ಬಿಳಿ ಟೇಪ್ ಸುತ್ತಿ ಯಾವುದರದ್ದು ಅಂತ ಬರೆದಿಡಿ. ಇನ್ನು ಬ್ಯಾಟರಿಯ ಥರದ ಡಿಸಿ ಬಿಟ್ಟು, ಗೋಡೆಯ ಕರೆಂಟಿನ ಹಾಗೆ ದಿಕ್ಕು ಬದಲಿಸುವ ಎಸಿ ಬೇಡುವ ಪೆಡಲ್‌ಗಳೂ ಇವೆ. ಡಿಜಿಟೆಕ್‌ನ ಹಳೆಯ ವ್ಯಾಮಿ, ಲೈನ್ 6ರ ಹಸಿರು ಬಣ್ಣದ ಹಳೆಯ ಡಿಎಲ್4, ಇವಕ್ಕೆ ಬೇಕಾದ್ದು 9 ವೋಲ್ಟ್ ಎಸಿ. ಸೆಕೆಂಡ್ ಹ್ಯಾಂಡಿನಲ್ಲಿ ಅಡಾಪ್ಟರ್ ಇಲ್ಲದೆ ಸಿಕ್ಕಿತು ಅಂತ ಕೊಂಡವರು ಇದನ್ನು ಮೊದಲು ನೋಡಬೇಕು. ಜರ್ಮೇನಿಯಂ ಫಝ್ ಪೆಡಲ್‌ಗಳಲ್ಲಿ ಕೆಲವು ಪಾಸಿಟಿವ್ ಗ್ರೌಂಡ್ ಆಗಿರುತ್ತವೆ, ಅಂದರೆ ಗ್ರೌಂಡಿಗೆ ಸೇರಿರುವುದು ಮೈನಸ್ ಅಲ್ಲ, ಪ್ಲಸ್, ಅವನ್ನು ಉಳಿದವುಗಳ ಕವಲು ವೈರಿಗೆ ಸೇರಿಸಿದರೆ ಸಪ್ಲೈಯೇ ಶಾರ್ಟ್ ಆಗುತ್ತದೆ. ಅಂಥದ್ದಕ್ಕೆ ಸುಮ್ನೆ ಒಂದು ಬ್ಯಾಟರಿ ಹಾಕಿಬಿಡಿ. ಬ್ಯಾಟರಿಯಷ್ಟು ಸದ್ದಿಲ್ಲದ ಕರೆಂಟ್ ಬೇರೆ ಇಲ್ಲ. ಮನೆಗೆ ಬಂದ ಮೇಲೆ ಇನ್‌ಪುಟ್ ಜಾಕ್ ಕೀಳೋದು ಮರೆಯಬೇಡಿ, ಜಾಕ್ ಒಳಗಿದ್ದರೆ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ.

ಅಮೆರಿಕದಲ್ಲಿರುವ ಭಾವನೋ ಚಿಕ್ಕಪ್ಪನ ಮಗನೋ ಬರುವಾಗ ಪವರ್ ಸಪ್ಲೈ ತರಿಸಿಕೊಳ್ಳುವವರು ಬಹಳ ಜನ. ಅಲ್ಲಿನ ಕರೆಂಟ್ 120 ವೋಲ್ಟ್, ನಮ್ಮದು 230. ಹಿಂಭಾಗದಲ್ಲಿ ‘100-240’ ಅಂತ ಬರೆದಿದ್ದರೆ ಮಾತ್ರ ನೇರ ಸಿಕ್ಕಿಸಿ. ಬರೀ 120 ಅಂತಿದ್ದರೆ ನಡುವೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು.

ಇಷ್ಟು ನಮ್ಮ ಕೈಯಲ್ಲಿರುವುದು. ಈಗ ವೇದಿಕೆಯ ಕಡೆ ಬರುತ್ತೇನೆ, ಈ ಪತ್ರ ಬರೆಯೋಕೆ ಮುಖ್ಯ ಕಾರಣವೂ ಅದೇ.

ಗಿಟಾರಿನ ತಂತಿಗಳು ಒಳಗಡೆ ಕೇಬಲ್ಲಿನ ಗ್ರೌಂಡಿಗೆ ಸೇರಿರುತ್ತವೆ. ಕೇಬಲ್ಲಿನ ಗ್ರೌಂಡ್ ಆಂಪ್ಲಿಫೈಯರ್ ಅಥವಾ ಎಲ್ಲರ ಸದ್ದನ್ನೂ ಒಟ್ಟು ಸೇರಿಸುವ ಮಿಕ್ಸರ್ ಮೂಲಕ ಗೋಡೆಯ ಮೂರನೇ ಪಿನ್ನಿಗೆ, ಅಲ್ಲಿಂದ ನೆಲಕ್ಕೆ. ಅಂದರೆ ಗಿಟಾರ್ ಹಿಡಿದವನ ಕೈ ಯಾವಾಗಲೂ ಅರ್ತಿಂಗ್ ಮೇಲೆಯೇ ಇರುತ್ತದೆ. ಅವನ ತುಟಿ ಹಾಡುವ ಮೈಕಿನ ಮೇಲೆ. ಮೈಕಿನ ಜಾಲರಿ ಮಿಕ್ಸರಿನ ಅರ್ತಿಂಗಿಗೆ ಸೇರಿದೆ. ಎರಡೂ ಅರ್ತಿಂಗ್ ಒಂದೇ ಆಗಿದ್ದು, ಸರಿಯಾಗಿದ್ದರೆ ಏನೂ ಆಗದು. ಒಂದು ಕಡೆ ಅರ್ತಿಂಗ್ ತುಂಡಾಗಿದ್ದರೆ, ಅಥವಾ ಸಾಕೆಟಿನಲ್ಲಿ ಯಾರೋ ಫೇಸ್ ತಂತಿಯನ್ನೇ ತಂದು ಅರ್ತ್ ಪಿನ್ನಿಗೆ ಮುಟ್ಟಿಸಿದ್ದರೆ, ಕೈಗೂ ತುಟಿಗೂ ನಡುವೆ ಕರೆಂಟ್ ಹರಿಯೋಕೆ ಇರುವ ದಾರಿ ಆ ಮನುಷ್ಯನ ಎದೆ. 1972ರ ಮೇ ತಿಂಗಳಲ್ಲಿ ಬ್ರಿಟನ್ನಿನ ಸ್ವಾನ್ಸೀಯಲ್ಲಿ ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ ಹೀಗೇ ವೇದಿಕೆಯ ಮೇಲೆ ಅರ್ತಿಂಗ್ ಇಲ್ಲದ ಮೈಕ್ ಮುಟ್ಟಿ ಸತ್ತರು. ಯಾರ್ಡ್‌ಬರ್ಡ್ಸ್ ತಂಡದಲ್ಲಿ ಹಾಡುತ್ತಿದ್ದ ಕೀತ್ ರೆಲ್ಫ್ 1976ರಲ್ಲಿ ಮನೆಯಲ್ಲಿ ಗಿಟಾರ್ ಬಾರಿಸುತ್ತಿದ್ದಾಗ ಕರೆಂಟ್ ಹೊಡೆದು ತೀರಿಕೊಂಡರು. ಅವರು ಹೆಸರಾಂತರು, ಹಾಗಾಗಿ ನಮಗೆ ಗೊತ್ತಾಗಿದೆ.

ನಮ್ಮ ಕಡೆ ‘ಮೈಕ್ ಸ್ವಲ್ಪ ಹೊಡೀತಿದೆ ಕಣ್ರೀ’ ಅಂದರೆ ಸಿಗುವ ಉತ್ತರ, ‘ಸ್ಪಾಂಜ್ ಹಾಕ್ಕೊಳ್ಳಿ ಸಾರ್, ಏನಾಗಲ್ಲ’. ಜಾಲರಿಗೆ ಸ್ಪಾಂಜಿನ ಟೋಪಿ ಹಾಕಿದರೆ ಚುರುಕು ತಪ್ಪುತ್ತದೆ, ನಿಜ. ಒಳಗಿನ ಕರೆಂಟ್ ಅಲ್ಲೇ ಇರುತ್ತದೆ. ಮಳೆ ಹನಿ ಬಿದ್ದು ಸ್ಪಾಂಜ್ ನೆನೆದರೆ ಅದೂ ಕಾಯುವುದಿಲ್ಲ. ಇನ್ನೂ ಒಂದು ಕೆಟ್ಟ ಚಾಳಿ ಇದೆ, ಇದನ್ನು ನಮ್ಮವರೂ ಮಾಡುತ್ತಾರೆ, ಸೌಂಡಿನವರೂ ಮಾಡುತ್ತಾರೆ. ಗೊಂಯ್ ಅನ್ನುವ ಸದ್ದು ಬಂದ ಕೂಡಲೇ ಮೂರು ಪಿನ್ನಿನ ಪ್ಲಗ್ಗಿನಿಂದ ದಪ್ಪ ಪಿನ್ ಕಿತ್ತುಬಿಡುವುದು, ಇಲ್ಲವೇ ಎರಡು ಪಿನ್ನಿನ ಕನ್ವರ್ಟರ್ ಹಾಕಿ ಅರ್ತಿಂಗ್ ತಪ್ಪಿಸುವುದು. ಸದ್ದು ನಿಲ್ಲುತ್ತದೆ, ಹೌದು, ಸುತ್ತು ಕಡಿದುಹೋಯಿತಲ್ಲ. ಜೀವ ಕಾಯುವ ತಂತಿಯೂ ಅದರ ಜೊತೆಗೇ ಹೋಯಿತು. ಸುತ್ತು ಕಡಿಯಬೇಕಿದ್ದರೆ ಅದಕ್ಕೇ ವಾದ್ಯಕ್ಕೂ ಮಿಕ್ಸರಿಗೂ ನಡುವೆ ಸಿಕ್ಕಿಸುವ ಡಿಐ ಬಾಕ್ಸ್ ಅಂತ ಒಂದು ಪುಟ್ಟ ಪೆಟ್ಟಿಗೆ ಇದೆ. ಅದರ ಮೇಲೆ ‘ಗ್ರೌಂಡ್ ಲಿಫ್ಟ್’ ಅನ್ನುವ ಸ್ವಿಚ್ ಇರುತ್ತದೆ. ಅದು ಆಡಿಯೋ ಕೇಬಲ್ಲಿನ ಗ್ರೌಂಡ್ ಮಾತ್ರ ಬಿಡಿಸುತ್ತದೆ, ಕರೆಂಟಿನ ಅರ್ತಿಂಗ್ ತಂಟೆಗೆ ಹೋಗುವುದಿಲ್ಲ. ಒಳಗೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಆದರೆ ಇನ್ನೂ ಒಳ್ಳೆಯದು. ಒಬ್ಬ ಗಿಟಾರಿನವನ ಬ್ಯಾಗಿನಲ್ಲಿ ಎರಡನೇ ಡಿಸ್ಟಾರ್ಷನ್ ಪೆಡಲ್ಲಿಗಿಂತ ಮೊದಲು ಇದು ಇರಬೇಕು ಅಂತ ನನ್ನ ಖಡಕ್ ಅಭಿಪ್ರಾಯ.

ಬೋರ್ಡ್ ಸಿಕ್ಕಿಸುವ ಮುಂಚೆ ಮಲ್ಟಿಮೀಟರಿನಲ್ಲಿ ಸಾಕೆಟ್ ನೋಡುವ ಅಭ್ಯಾಸ ಮಾಡಿಕೊಳ್ಳಿ. ಗೊತ್ತಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ, ಸಂಕೋಚ ಬೇಡ. ಫೇಸ್‌ಗೂ ನ್ಯೂಟ್ರಲ್‌ಗೂ 230ರ ಆಸುಪಾಸು ಬರಬೇಕು, ಫೇಸ್‌ಗೂ ಅರ್ತಿಗೂ ಹೆಚ್ಚುಕಮ್ಮಿ ಅಷ್ಟೇ ಬರಬೇಕು, ನ್ಯೂಟ್ರಲ್‌ಗೂ ಅರ್ತಿಗೂ ಒಂದೆರಡು ವೋಲ್ಟ್ ದಾಟಬಾರದು. ಫೇಸ್‌ಗೂ ಅರ್ತಿಗೂ ನಡುವೆ ಎಲ್ಲೋ ಎಂಬತ್ತೋ ನೂರೋ ತೋರಿಸುತ್ತಿದ್ದರೆ ಅರ್ತಿಂಗ್ ಎಲ್ಲೋ ಬಿಟ್ಟಿದೆ ಅಂತ ಅರ್ಥ, ಬೋರ್ಡ್ ಸಿಕ್ಕಿಸಬೇಡಿ. ಫೇಸ್‌ಗೂ ನ್ಯೂಟ್ರಲ್‌ಗೂ 300, 400 ತೋರಿಸಿದರೆ ಅಲ್ಲಿಂದ ಓಡಿ. ಮೂರು ಫೇಸಿನ ಲೈನಿನಲ್ಲಿ ನ್ಯೂಟ್ರಲ್ ಕಡಿದರೆ ಹಾಗಾಗುತ್ತದೆ, ಆಗ ಪೆಡಲ್ ಒಂದೇ ಅಲ್ಲ, ಮಿಕ್ಸರ್, ಕೀಬೋರ್ಡ್, ಎಲ್ಲ ಒಟ್ಟಿಗೇ ಹೊಗೆ. ಎಲ್ಲ ಸಿಕ್ಕಿಸಿ ಆದ ಮೇಲೆ ಗಿಟಾರಿನ ತಂತಿಗೂ ಮೈಕಿನ ಜಾಲರಿಗೂ ಮೀಟರಿನ ಎರಡು ಕಡ್ಡಿ ಇಟ್ಟು ನೋಡಿ. ಅಲ್ಲಿ ವೋಲ್ಟೇಜ್ ಕಾಣಬಾರದು.

ಲೈಟಿನವರ ಜೊತೆ ಒಂದೇ ಎಕ್ಸ್‌ಟೆನ್ಶನ್ ಬೋರ್ಡ್ ಹಂಚಿಕೊಳ್ಳುವುದು ಇನ್ನೊಂದು ಪೀಡೆ. ಡಿಮ್ಮರ್ ಇರುವ ಲೈಟುಗಳು, ಬಣ್ಣ ಬದಲಿಸುವ ಅಗ್ಗದ ಎಲ್‌ಇಡಿಗಳು ಲೈನಿಗೆ ಬೇಕಾದಷ್ಟು ಗದ್ದಲ ಬಿಡುತ್ತವೆ. ತಂತಿಯ ಕಂಪನ ಹಿಡಿಯುವ ಪಿಕಪ್ಪಿನಲ್ಲಿ ಒಂದೇ ಸುರುಳಿ (ಸಿಂಗಲ್ ಕಾಯಿಲ್) ಇರುವ ಗಿಟಾರ್ ಆದರಂತೂ ಗಾಳಿಯಲ್ಲೇ ಅದನ್ನು ಹಿಡಿದು ತರುತ್ತದೆ. ಕೆಂಪು ಲೈಟು ಹೊತ್ತಿದಾಗ ಒಂದು ಸದ್ದು, ನೀಲಿ ಹೊತ್ತಿದಾಗ ಇನ್ನೊಂದು! ಅದಕ್ಕೇ ಲೈಟಿಗೆ ಬೇರೆ ಲೈನು, ಸೌಂಡಿಗೆ ಬೇರೆ ಲೈನು ಎಳೆಯಬೇಕು. ಆದರೆ ಗಿಟಾರಿನ ಬೋರ್ಡ್, ಕೀಬೋರ್ಡ್, ಮಿಕ್ಸರ್, ಈ ಮೂರಕ್ಕೂ ಕರೆಂಟ್ ಬರುವುದು ಒಂದೇ ಕಡೆಯಿಂದ ಆಗಬೇಕು. ಗಿಟಾರಿನವನಿಗೆ ಹಿಂದಿನ ದೇವಸ್ಥಾನದ ಗೋಡೆಯಿಂದ ಒಂದು ವೈರು, ಮಿಕ್ಸರಿಗೆ ಮುಂದಿನ ಜನರೇಟರಿನಿಂದ ಇನ್ನೊಂದು, ಇದನ್ನು ದಯವಿಟ್ಟು ಮಾಡಬೇಡಿ. ಗೊಂಯ್ ಸದ್ದಿಗೂ ಅದೇ ಕಾರಣ, ತುಟಿ ಚುರ್ ಅನ್ನೋದಕ್ಕೂ ಅದೇ ಕಾರಣ.

ಸರಿ, ಕರೆಂಟಿನ ಪುರಾಣ ಸಾಕು. ಕೇಬಲ್ ಬಗ್ಗೆ ಸ್ವಲ್ಪ.

ಗಿಟಾರಿನ ಪಿಕಪ್ಪಿನಿಂದ ಹೊರಡುವ ಸಿಗ್ನಲ್ ಬಹಳ ಬಡಪಾಯಿ. ಮಾಮೂಲಿ ಗಿಟಾರ್ ಕೇಬಲ್ಲಿನಲ್ಲಿ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಕೆಪಾಸಿಟನ್ಸ್, ಅಂದರೆ ಸದ್ದಿನ ಮೇಲಿನ ಅಂಶವನ್ನು ಇಂಗಿಸುವ ಗುಣ, ಇರುತ್ತದೆ. ಬೋರ್ಡಿಗೆ ಆರು ಮೀಟರ್, ಬೋರ್ಡಿನಿಂದ ಆಂಪಿಗೆ ಇನ್ನು ಆರು, ಪೆಡಲ್‌ಗಳ ನಡುವಿನ ಪ್ಯಾಚ್ ಕೇಬಲ್‌ಗಳು ಸೇರಿ ಮತ್ತೊಂದೆರಡು ಮೀಟರ್. ಎಲ್ಲ ಕೂಡಿದರೆ ಮೇಲಿನ ಸ್ವರಗಳ ಹೊಳಪು ಅರ್ಧ ಅಲ್ಲೇ ಇಂಗಿಹೋಗುತ್ತದೆ. ಗಿಟಾರಿಗೆ ಕಂಬಳಿ ಹೊದಿಸಿದ ಹಾಗೆ ಕೇಳುತ್ತದೆ. ಇಂಟರ್‌ನೆಟ್ ನೋಡಿ ಆಫ್ ಆದಾಗ ಬರೀ ತಂತಿಯ ಹಾಗೆ ಸಿಗ್ನಲ್ ದಾಟಿಸುವ ‘ಟ್ರೂ ಬೈಪಾಸ್’ ಪೆಡಲ್‌ಗಳೇ ಬೇಕು ಅಂತ ಹಟ ಹಿಡಿದವರಿಗೆ ಇದು ಜಾಸ್ತಿ, ಏಕೆಂದರೆ ಎಲ್ಲವೂ ಆಫ್ ಆಗಿದ್ದಾಗ ಅವರ ಪಿಕಪ್ ಒಂದೇ ಆ ಹದಿನಾಲ್ಕು ಮೀಟರನ್ನೂ ಎಳೆಯಬೇಕು. ಸಾಲಿನಲ್ಲಿ ಒಂದು ಬಫರ್, ಅಂದರೆ ಸಿಗ್ನಲ್ಲಿಗೆ ಬಲ ಕೊಡುವ ಪುಟ್ಟ ಸರ್ಕ್ಯೂಟ್, ಇದ್ದರೆ ಸಾಕು. ಅದಕ್ಕೆ ಬೇರೆ ಪೆಡಲ್ಲೇ ಬೇಕಂತಿಲ್ಲ. ಬಾಸ್ ಕಂಪನಿಯ ಟ್ಯೂನರ್ ಪೆಡಲ್ ಟಿಯು-3 ಒಳಗೇ ಬಫರ್ ಇದೆ, ಅದನ್ನು ಮೊದಲಿಗೆ ಇಟ್ಟರೆ ಎರಡೂ ಕೆಲಸ ಆಯಿತು. ಫಝ್ ಇದ್ದರೆ ಮಾತ್ರ ಅದನ್ನು ಬಫರಿಗಿಂತ ಮುಂಚೆ ಇಡಿ. ಹಳೇ ಥರದ ಫಝ್‌ಗಳಿಗೆ ಗಿಟಾರ್ ನೇರವಾಗಿ ಸಿಕ್ಕಬೇಕು, ನಡುವೆ ಬಫರ್ ಬಂದರೆ ಅವುಗಳ ಸದ್ದು ತೆಳ್ಳಗೆ ಕೀರಲಾಗುತ್ತದೆ.

ಪ್ಯಾಚ್ ಕೇಬಲ್ ಅಂತೂ ಅಗ್ಗದ್ದು ಕೊಂಡರೆ ಕಷ್ಟ ತಪ್ಪಿದ್ದಲ್ಲ. ನಡುವೆ ಸದ್ದು ಸತ್ತುಹೋದಾಗ ಹತ್ತರಲ್ಲಿ ಎಂಟು ಸಲ ಕಾರಣ ಒಂದು ಐವತ್ತು ರೂಪಾಯಿಯ ಜಾಕು. ಬೆಸುಗೆ ಹಾಕೋಕೆ ಬಂದರೆ ನೀವೇ ಮಾಡಿಕೊಳ್ಳಿ. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಒಳ್ಳೇ ಜಾಕು, ಕೇಬಲ್ಲು, ಡಿಸಿ ಪಿನ್ನು ಎಲ್ಲ ಬಿಡಿಯಾಗಿ ಸಿಗುತ್ತದೆ. ಕರಾವಳಿ ಕಡೆಯವರು ವರ್ಷಕ್ಕೊಂದೆರಡು ಸಲವಾದರೂ ಜಾಕುಗಳಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆಯಬೇಕು, ಉಪ್ಪುಗಾಳಿಗೆ ಹಿತ್ತಾಳೆ ಬೇಗ ಹಸಿರಾಗುತ್ತದೆ.

ಪೆಡಲ್‌ಗಳನ್ನು ಯಾವ ಕ್ರಮದಲ್ಲಿ ಇಡಬೇಕು ಅನ್ನುವುದು ಎಲ್ಲರೂ ಕೇಳುವ ಪ್ರಶ್ನೆ. ರೂಢಿಯಲ್ಲಿರುವುದು ಹೀಗೆ: ಟ್ಯೂನರ್, ಕಾಲಲ್ಲಿ ಒತ್ತಿದರೆ ‘ವಾ’ ಅನ್ನಿಸುವ ವಾ, ದನಿಯ ಏರಿಳಿತ ಸಮ ಮಾಡುವ ಕಂಪ್ರೆಸರ್, ಆಮೇಲೆ ಓವರ್‌ಡ್ರೈವ್, ಡಿಸ್ಟಾರ್ಷನ್, ಆಮೇಲೆ ಕೋರಸ್, ಫೇಸರ್ ಥರ ಸದ್ದನ್ನು ಅಲೆಯಾಡಿಸುವವು, ಕೊನೆಗೆ ಡಿಲೇ, ರಿವರ್ಬ್. ಡಿಲೇ ಕೊನೆಗೆ ಯಾಕೆ ಅಂದರೆ, ಡಿಸ್ಟಾರ್ಷನ್ ಮುಂದೆ ಇಟ್ಟರೆ ಮೂಲ ಸ್ವರವೂ ಅದರ ಪ್ರತಿಧ್ವನಿಯೂ ಒಟ್ಟಿಗೇ ಒಳಹೋಗಿ ಕಲಸುಮೇಲೋಗರ ಆಗುತ್ತವೆ. ವಾಲ್ಯೂಮ್ ಪೆಡಲ್ಲನ್ನು ಡ್ರೈವಿಗಿಂತ ಮುಂಚೆ ಇಟ್ಟರೆ ಸದ್ದಿನ ಒರಟುತನ ಏರಿಳಿಯುತ್ತದೆ, ಡ್ರೈವ್ ಆದ ಮೇಲೆ ಇಟ್ಟರೆ ಒರಟುತನ ಹಾಗೇ ಇದ್ದು ದನಿ ಮಾತ್ರ ಏರಿಳಿಯುತ್ತದೆ. ಹಾಡಿನ ಹಿಂದೆ ಬಾರಿಸುವವರಿಗೆ ಎರಡನೆಯದೇ ಅನುಕೂಲ, ಗಾಯಕರು ಬಂದಾಗ ಕಾಲಲ್ಲೇ ತಗ್ಗಿಸಬಹುದು. ಇದು ಕಾನೂನೇನಲ್ಲ, ಬೇರೆ ಥರ ಇಟ್ಟು ಚೆನ್ನಾಗಿ ಬಾರಿಸುವವರೂ ಇದ್ದಾರೆ.

ಡಿಲೇ ಬಗ್ಗೆ ಒಂದು ಮಾತು, ಇದನ್ನು ಇಂಗ್ಲಿಷ್ ವಿಡಿಯೋಗಳಲ್ಲಿ ಯಾರೂ ಹೇಳಿಕೊಡಲ್ಲ. ನಮ್ಮ ಹಾಡುಗಳಲ್ಲಿ ಗಮಕ ಇರುತ್ತದೆ, ತಂತಿ ಎಳೆದು ಸ್ವರದಿಂದ ಸ್ವರಕ್ಕೆ ಜಾರುತ್ತೇವೆ. ಡಿಲೇ ಜಾಸ್ತಿ ಇದ್ದರೆ ನೀವು ಮೇಲಿನ ಸ್ವರ ತಲುಪಿದ ಮೇಲೂ ಹಿಂದಿನ ಜಾರು ಬಂದು ಅದರ ಮೇಲೆ ಬೀಳುತ್ತದೆ. ಗಾಂಧಾರ ಹಿಡಿದು ನಿಂತಾಗ ರಿಷಭದ ತೂಗು ಹಿಂದಿನಿಂದ ಕೇಳುತ್ತಿದ್ದರೆ ಗಾಯಕರಿಗೆ ಶ್ರುತಿಯೇ ಅನುಮಾನ ಬರುತ್ತದೆ. ಅಂಥ ಹಾಡಿಗೆ ಡಿಲೇ ಆಫ್ ಮಾಡಿ, ಇಲ್ಲವೇ ಒಂದೇ ಪ್ರತಿಧ್ವನಿ, ಅದೂ ಕೇಳಿಯೂ ಕೇಳದಷ್ಟು ಇಡಿ. ಕಂಪ್ರೆಸರ್ ಕೆಲಸಕ್ಕೆ ಬರುವುದು ಇಲ್ಲಿ, ಜಾರಿದ ಸ್ವರ ಸಾಯದೆ ನಿಲ್ಲುತ್ತದೆ. ಕುಣಿಯುವ ಹಾಡಿಗೆ ಡಿಲೇ ಬೇಕಾದರೆ ತಾಳಕ್ಕೆ ಸರಿಯಾಗಿ ಇಡಿ. ಲೆಕ್ಕ ಸುಲಭ. 60,000ವನ್ನು ಹಾಡಿನ ಬಿಪಿಎಂನಿಂದ (ನಿಮಿಷಕ್ಕೆ ಎಷ್ಟು ಬೀಟ್ ಅನ್ನುವ ಸಂಖ್ಯೆಯಿಂದ) ಭಾಗಿಸಿದರೆ ಒಂದು ಬೀಟಿಗೆ ಎಷ್ಟು ಮಿಲಿಸೆಕೆಂಡ್ ಅಂತ ಬರುತ್ತದೆ. 120ರ ಹಾಡಿಗೆ 500. ಅದರ ಮುಕ್ಕಾಲು, 375, ಇಟ್ಟರೆ ಬಾರಿಸಿದ್ದಕ್ಕಿಂತ ದುಪ್ಪಟ್ಟು ಸ್ವರಗಳು ಕುಣಿದ ಹಾಗೆ ಕೇಳುವ ಆ ಜನಪ್ರಿಯ ಸದ್ದು ಬರುತ್ತದೆ. ಆದರೆ ನಮ್ಮ ಡ್ರಮ್ಮರ್‌ಗಳು ಜನ ಶಿಳ್ಳೆ ಹೊಡೆದ ಕೂಡಲೇ ವೇಗ ಏರಿಸುತ್ತಾರೆ, ಅದಕ್ಕೇ ಕಾಲಲ್ಲಿ ತಾಳ ತುಳಿದು ವೇಗ ಹೊಂದಿಸುವ ಟ್ಯಾಪ್ ಸ್ವಿಚ್ ಇರುವ ಡಿಲೇಯೇ ಒಳ್ಳೆಯದು.

ನಮ್ಮ ಬಹುಪಾಲು ವೇದಿಕೆಗಳಲ್ಲಿ ಗಿಟಾರ್ ಆಂಪ್ಲಿಫೈಯರ್ ಇರುವುದೇ ಇಲ್ಲ. ಬೋರ್ಡಿನಿಂದ ಹೊರಟ ವೈರು ನೇರ ಮಿಕ್ಸರಿಗೆ. ಗಿಟಾರ್ ಆಂಪಿನ ಸ್ಪೀಕರ್ ಸುಮಾರು 5 ಕಿಲೋಹರ್ಟ್ಜ್ ದಾಟಿದ ಮೇಲಿನ ಕೀಚಲನ್ನು ತಾನೇ ನುಂಗಿಬಿಡುತ್ತದೆ, ಜನರ ಕಡೆಗೆ ಇಡುವ ಪಿಎ ಸ್ಪೀಕರ್ ನುಂಗುವುದಿಲ್ಲ, ಅದು ಎಲ್ಲವನ್ನೂ ಪ್ರಾಮಾಣಿಕವಾಗಿ ಜನರಿಗೆ ತಲುಪಿಸುತ್ತದೆ. ಡಿಸ್ಟಾರ್ಷನ್ ಕರ್ಕಶವಾಗಿ ಕಿವಿ ಕೊರೆಯುವುದು ಈ ಕಾರಣಕ್ಕೆ, ಪೆಡಲ್ ಕೆಟ್ಟದ್ದಲ್ಲ. ಹಾಗಾಗಿ ಸಾಲಿನ ಕೊನೆಗೆ ಕ್ಯಾಬ್ ಸಿಮ್ಯುಲೇಟರ್ ಇರಬೇಕು, ಆಂಪಿನ ಸ್ಪೀಕರ್ ಮಾಡುವ ಕೆಲಸವನ್ನು ಅದು ಮಾಡುತ್ತದೆ. ಅದಕ್ಕೆ ದುಡ್ಡಿಲ್ಲದಿದ್ದರೆ ಸೌಂಡಿನವರ ಹತ್ತಿರ ಹೋಗಿ ‘ಅಣ್ಣಾ, ನನ್ನ ಚಾನೆಲ್ಲಿನಲ್ಲಿ ಐದು ಸಾವಿರದ ಮೇಲಿನದ್ದೆಲ್ಲ ಕಟ್ ಮಾಡಿ’ ಅಂತ ಕೇಳಿ. ಡಿಜಿಟಲ್ ಮಿಕ್ಸರ್ ಇದ್ದರೆ ಅರ್ಧ ನಿಮಿಷದ ಕೆಲಸ.

ಬಿಡಿ ಪೆಡಲ್‌ಗಳಾ, ಎಲ್ಲ ಥರದ ಸದ್ದನ್ನೂ ಒಂದೇ ಪೆಟ್ಟಿಗೆಯಲ್ಲಿ ಕೊಡುವ ಮಲ್ಟಿ ಇಫೆಕ್ಟ್ಸಾ ಅನ್ನುವ ಜಗಳ ಹಳೆಯದು. ತೊಂಬತ್ತರ ದಶಕದಲ್ಲಿ ಝೂಮ್ 505 ಅನ್ನುವ ಮಲ್ಟಿ ಬಂದಾಗಿನಿಂದ ಇದೆ. ಒಂದು ರಾತ್ರಿಯಲ್ಲಿ ಭಾವಗೀತೆ, ಹಳೇ ಸಿನಿಮಾ ಹಾಡು, ಟಪ್ಪಾಂಗುಚ್ಚಿ ಎಲ್ಲ ಬಾರಿಸುವ ಆರ್ಕೆಸ್ಟ್ರಾದವರಿಗೆ ಮಲ್ಟಿಯೇ ಸರಿ ಅಂತ ನಾನು ಹೇಳುತ್ತೇನೆ. ಒಂದು ಹಾಡಿಗೆ ಒಂದು ಪ್ಯಾಚ್ (ಮೊದಲೇ ಹೊಂದಿಸಿ ಉಳಿಸಿಟ್ಟ ಸದ್ದು), ಒಂದೇ ಸಲ ತುಳಿದರೆ ಎಲ್ಲ ಬದಲಾಗುತ್ತದೆ, ಒಂದೇ ಅಡಾಪ್ಟರ್. ಸ್ವಂತ ಹಾಡು ಮಾಡುವ ಬ್ಯಾಂಡಿನವರಿಗೆ ನಾಲ್ಕು ಬಿಡಿ ಪೆಡಲ್‌ಗಳ ಗಮ್ಮತ್ತೇ ಬೇರೆ, ಬಗ್ಗಿ ಒಂದು ಗುಂಡಿ ತಿರುಗಿಸಿದರೆ ಸಾಕು, ಮೆನು ಹುಡುಕಬೇಕಿಲ್ಲ. ಮಲ್ಟಿಯ ಒಂದು ದೋಷ ಹೇಳಲೇಬೇಕು. ಕರೆಂಟ್ ಹೋಗಿ ಜನರೇಟರಿಗೆ ಬದಲಾಗುವ ಆ ಎರಡು ಸೆಕೆಂಡಿನಲ್ಲಿ ಅದು ಆಫ್ ಆಗಿ, ಮತ್ತೆ ಎದ್ದು ಕೂರೋಕೆ ಅರ್ಧ ಪಲ್ಲವಿಯಷ್ಟು ಹೊತ್ತು ತಗೊಳ್ಳುತ್ತದೆ. ಕಂಪ್ಯೂಟರಿಗೆ ಹಾಕುವ ಸಣ್ಣ ಯುಪಿಎಸ್ ಜೊತೆಗಿಟ್ಟರೆ ಈ ಕಾಟ ತಪ್ಪುತ್ತದೆ.

ಇನ್ನೊಂದು: ಮನೆಯಲ್ಲಿ ಹೆಡ್‌ಫೋನಿನಲ್ಲಿ ಕೂತು ಮಾಡಿದ ಪ್ಯಾಚ್‌ಗಳನ್ನು ಹಾಗೇ ವೇದಿಕೆಗೆ ತರಬೇಡಿ. ಸದ್ದು ದೊಡ್ಡದಾದಷ್ಟೂ ಕೆಳಗಿನ ಗುಡುಗು ಜಾಸ್ತಿಯಾಗುತ್ತದೆ, ಬಯಲಿನ ಸುತ್ತಲಿನ ಗೋಡೆಗಳಿಂದ ಬರುವ ಪ್ರತಿಧ್ವನಿಯೇ ಸಾಕಷ್ಟಿರುತ್ತದೆ. ರಿವರ್ಬ್ ಅರ್ಧಕ್ಕೆ ಇಳಿಸಿ, ಡ್ರೈವ್ ಸ್ವಲ್ಪ ಇಳಿಸಿ, ಮಿಡ್ (ನಡುವಿನ ಸ್ವರಗಳ ದನಿ) ಏರಿಸಿ. ಎಲ್ಲ ಪ್ಯಾಚ್‌ಗಳ ದನಿ ಒಂದೇ ಮಟ್ಟದಲ್ಲಿರಲಿ, ಸೋಲೋದ್ದು ಮಾತ್ರ ಒಂದಿಷ್ಟು ಮೇಲೆ. ಇಲ್ಲದಿದ್ದರೆ ಸೌಂಡಿನವರು ಸಿಟ್ಟಾಗಿ ನಿಮ್ಮ ಚಾನೆಲ್ ಇಳಿಸುತ್ತಾರೆ, ಮತ್ತೆ ಏರಿಸುವುದಿಲ್ಲ. ಅವರ ತಪ್ಪಲ್ಲ.

ಹಲಗೆಗೆ ಬ್ರಾಂಡೇ ಬೇಕಂತಿಲ್ಲ. ಅರ್ಧ ಇಂಚಿನ ಪ್ಲೈವುಡ್, ಹಿಂಭಾಗ ಸ್ವಲ್ಪ ಎತ್ತರ, ಮೇಲೆ ವೆಲ್ಕ್ರೋ, ಅಡಿಗೆ ರಬ್ಬರ್. ಕೆಳಗಡೆ ಸಪ್ಲೈ ಕೂರಿಸಿ. ಪಂಚೆಯಲ್ಲಿ, ಶೂನಲ್ಲಿ, ಹೇಗಿದ್ದರೂ ಪಕ್ಕದ ಸ್ವಿಚ್ ತಾಗದಷ್ಟು ಜಾಗ ಬಿಡಿ. ಜಾಸ್ತಿ ತುಳಿಯುವುದು ಮುಂದಿನ ಸಾಲಿನಲ್ಲಿರಲಿ. ತಿರುಗಿಸಬಾರದ ಗುಂಡಿಗಳ ಪಕ್ಕ ಮಾರ್ಕರಿನಿಂದ ಗೆರೆ ಎಳೆದಿಡಿ, ಆಟೋದಲ್ಲಿ ತರುವಾಗ ಅವು ತಾವೇ ತಿರುಗಿರುತ್ತವೆ. ಎಲ್ಲ ಒಂದೇ ಹಲಗೆಯಲ್ಲಿ ಗಟ್ಟಿಯಾಗಿ ಕೂತಿದ್ದು, ಹೊರಗೆ ಬರುವುದು ಮೂರೇ ವೈರು, ಅಂದರೆ ಗಿಟಾರಿನದ್ದು, ಕರೆಂಟಿನದ್ದು, ಮಿಕ್ಸರಿನದ್ದು, ಹೀಗಿದ್ದರೆ ಐದು ನಿಮಿಷದಲ್ಲಿ ತಯಾರು. ಇಷ್ಟನ್ನು ನಮ್ಮ ಹುಡುಗರು ಮಾಡಿಕೊಳ್ಳಬೇಕು, ಇದರಲ್ಲಿ ಸಂಘಟಕರನ್ನು ದೂರಿ ಪ್ರಯೋಜನ ಇಲ್ಲ.

ಸಂಘಟಕರಿಗೆ, ಗಣೇಶೋತ್ಸವ ಸಮಿತಿಗಳಿಗೆ, ರಾಜ್ಯೋತ್ಸವ ಮಾಡುವ ಕನ್ನಡ ಸಂಘಗಳಿಗೆ ನನ್ನ ಕೋರಿಕೆ ಚಿಕ್ಕದು. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ನಿಲ್ಲಿಸಬೇಕು ಅಂತ ನಿಯಮ ಇದೆ, ಹಾಗಾಗಿ ಸಂಜೆಯ ಒಂದೊಂದು ನಿಮಿಷವೂ ದುಬಾರಿ. ಆದರೂ ಭಾಷಣ, ಸನ್ಮಾನ ಶುರುವಾಗುವ ಮುಂಚೆಯೇ ವಾದ್ಯದವರಿಗೆ ಅರ್ಧ ಗಂಟೆ ವೇದಿಕೆ ಬಿಟ್ಟುಕೊಡಿ. ಶಾಲು ಹೊದಿಸಿ ಆದ ಮೇಲೆ ‘ಹ್ಞೂಂ, ಶುರು ಮಾಡ್ರಪ್ಪಾ’ ಅಂದರೆ ಜನರ ಮುಂದೆಯೇ ‘ಚೆಕ್ ಚೆಕ್’ ಅನ್ನದೆ ಬೇರೆ ದಾರಿ ಇಲ್ಲ. ಕಂಬದಿಂದ ಕೊಕ್ಕೆ ಹಾಕಿ ಕರೆಂಟ್ ಎಳೆಯಬೇಡಿ, ಬೆಸ್ಕಾಂ, ಮೆಸ್ಕಾಂ, ನಿಮ್ಮ ಕಡೆ ಯಾವುದೋ ಅವರಿಂದ ತಾತ್ಕಾಲಿಕ ಕನೆಕ್ಷನ್ ತಗೊಳ್ಳಿ. ಜನರೇಟರ್ ತಂದರೆ ಅದರ ಅರ್ತಿಂಗ್ ಕಡ್ಡಿಯನ್ನು ನಿಜವಾಗಿಯೂ ನೆಲಕ್ಕೆ ಹೊಡೆಸಿ, ನೀರು ಹಾಕಿಸಿ. ಗಾಡಿಯ ಚಕ್ರಕ್ಕೆ ತಂತಿ ಸುತ್ತಿದರೆ ಅದು ಅರ್ತಿಂಗ್ ಅಲ್ಲ, ಚಕ್ರ ಕೂತಿರುವುದು ರಬ್ಬರಿನ ಮೇಲೆ. ಸೌಂಡಿನ ಲೈನಿಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ ಒಂದನ್ನು ಹಾಕಿಸಿ, ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್ ಅದು, ಮನೆಗಳಲ್ಲಿ ಈಗ ಹಾಕುತ್ತಾರಲ್ಲ ಅದೇ, ಒಂದು ದಿನದ ಹೂವಿನ ಅಲಂಕಾರಕ್ಕಿಂತ ಕಮ್ಮಿ ಖರ್ಚು. ಗಿಟಾರಿನವನು ನಿಲ್ಲುವ ಜಾಗಕ್ಕೆ, ಮಿಕ್ಸರಿಗೆ ಕೊಟ್ಟ ಲೈನಿನಿಂದಲೇ, ಅರ್ತಿಂಗ್ ಇರುವ ಒಂದು ಮೂರು ಪಿನ್ನಿನ ಪಾಯಿಂಟ್ ತಲುಪಿಸಿ. ವೈರಿಂಗ್ ಮಾಡಿದ ಎಲೆಕ್ಟ್ರಿಷಿಯನ್ ಸಂಜೆ ಐದಕ್ಕೆ ದುಡ್ಡು ತಗೊಂಡು ಮನೆಗೆ ಹೋಗದ ಹಾಗೆ ನೋಡಿಕೊಳ್ಳಿ, ಕೊನೆಯ ಹಾಡು ಮುಗಿಯುವವರೆಗೆ ಅವರು ವೇದಿಕೆಯ ಪಕ್ಕದಲ್ಲೇ ಇರಬೇಕು ಅಂತ ಮೊದಲೇ ಮಾತಾಡಿಕೊಳ್ಳಿ.

ಇತಿ,
ಒಬ್ಬ ಆರ್ಕೆಸ್ಟ್ರಾ ಗಿಟಾರ್ ವಾದಕ,
ದಾವಣಗೆರೆ